ಹುಲ್ಲಿಗೆ ಹೊದಿಸಿದ ಟಾರ್ಪಲ್

ಮೊದಲ ಹನಿ ಚೈತ್ರಶ್ರೀಯ ಮೂಗಿನ ಮೇಲೆ ಬಿತ್ತು. ಎರಡನೆಯದು ಕಣದ ಸಿಮೆಂಟಿನ ಮೇಲೆ ಬಿದ್ದು ನಾಣ್ಯದಗಲದ ಕಪ್ಪು ಚುಕ್ಕೆಯಾಯಿತು.

"ಅಜ್ಜೀ, ಮಳೆ ಬಂತು" ಎಂದು ಕೂಗಿ ಅವಳು ಜಗಲಿಯ ಮೇಲಿದ್ದ ನೀಲಿ ಟಾರ್ಪಲ್ ಎಳೆದುಕೊಂಡು ಓಡಿದಳು. ಅರ್ಧ ಕಣ ದಾಟಿದವಳು ಗಕ್ಕನೆ ನಿಂತುಬಿಟ್ಟಳು.

ಎಡಗಡೆ ಕಾಫಿ ಹಣ್ಣು ಒಣಗುತ್ತಿತ್ತು. ಕೆಂಪು ಹೋಗಿ ಕಂದು ಬಣ್ಣಕ್ಕೆ ತಿರುಗಿತ್ತು. ಬಲಗಡೆ ರಾಗಿ ಹುಲ್ಲಿನ ಗುಡ್ಡೆ. ನಿನ್ನೆ ತಾನೇ ರಾಗಿ ಬಡಿದು, ಕಾಳನ್ನು ಮೂಟೆ ಕಟ್ಟಿ ಒಳಗಿಟ್ಟು, ಹುಲ್ಲನ್ನು ಅಲ್ಲೇ ಬಿಟ್ಟಿದ್ದರು. ಇನ್ನೂ ತುಸು ಹಸಿರು ಉಳಿದಿದ್ದ ಒಳ್ಳೆಯ ಹುಲ್ಲು.

ಕೈಯಲ್ಲಿದ್ದದ್ದು ಒಂದೇ ಟಾರ್ಪಲ್. ಇನ್ನೊಂದು ಹರಿದುಹೋಗಿ ಹಿತ್ತಲಿನ ಕೋಳಿಗೂಡಿನ ಮೇಲೆ ಕೂತಿತ್ತು.

ಅದು ಡಿಸೆಂಬರ್, ಮಳೆ ಬರಬಾರದ ತಿಂಗಳು. ಆದರೆ ಈಚೀಚೆಗೆ ಮಳೆಗೆ ಕ್ಯಾಲೆಂಡರ್ ಓದೋಕೆ ಬರುತ್ತಿಲ್ಲ ಎಂದು ಅಪ್ಪ ಹೇಳುತ್ತಿದ್ದ. ಆ ಅಪ್ಪ ಗೊಬ್ಬರ ತರಲು ಆಲೂರಿಗೆ ಹೋಗಿದ್ದ. ಅಮ್ಮ ಗುಡ್ಡದ ಆ ಮಗ್ಗುಲಿನ ತೋಟದಲ್ಲಿ ಹಣ್ಣು ಕುಯ್ಯುತ್ತಿದ್ದಳು. ಮನೆಯಲ್ಲಿದ್ದವರು ಚೈತ್ರ ಮತ್ತು ಮಂಡಿ ನೋವಿನ ಅಜ್ಜಿ ಮೀನಾಕ್ಷಮ್ಮ, ಇಬ್ಬರೇ.

ಪಕ್ಕದ ಮನೆಯ ಗೋಡೆಯ ಮೇಲಿಂದ ಲೋಹಿತನ ತಲೆ ಇಣುಕಿತು. ತಲೆಯ ಮೇಲೆ ಗೊಬ್ಬರದ ಚೀಲವನ್ನು ಕೊಪ್ಪೆಯಂತೆ ಹಾಕಿಕೊಂಡಿದ್ದ. ಅವನೂ ಅವಳದೇ ಐದನೇ ಕ್ಲಾಸು.

"ಇನ್ನೂ ಯಾಕೆ ನಿಂತಿದ್ದೀಯೇ? ಕಾಫಿ ಮುಚ್ಚು. ನಮ್ದೆಲ್ಲ ಆಗೋಯ್ತು."

ಕೆ. ಹೊಸಕೋಟೆ ಕಡೆಯ ಆ ಸಣ್ಣ ಊರಿನಲ್ಲಿ ಯಾರೂ ಬಾಯಿಬಿಟ್ಟು ಹೇಳದ ಒಂದು ಕಟ್ಟಳೆ ಇತ್ತು. ಮೋಡ ಕಟ್ಟಿತೆಂದರೆ ಎಲ್ಲರೂ ಕಾಫಿಯ ಕಡೆಗೇ ಓಡುವುದು. ಊಟದ ನಡುವೆ ಎದ್ದರೆ ಅನ್ನಪೂರ್ಣೆಗೆ ಅವಮಾನ ಎನ್ನುವ ಅಜ್ಜಿಯರೂ ಎಂಜಲು ಕೈಯಲ್ಲೇ ಓಡುತ್ತಿದ್ದರು. ಕಾಫಿ ಅಂದರೆ ಸ್ಕೂಲ್ ಫೀಸು, ಕಾಫಿ ಅಂದರೆ ಹಬ್ಬದ ಬಟ್ಟೆ. ಹುಲ್ಲಿನ ಕಡೆಗೆ ಓಡಿದವರನ್ನು ಯಾರೂ ಕಂಡಿರಲಿಲ್ಲ.

ಚೈತ್ರ ಕೊಟ್ಟಿಗೆಯ ಕಡೆ ನೋಡಿದಳು. ತುಂಗೆ ಕತ್ತು ಚಾಚಿ ಮೋಡವನ್ನು ಮೂಸುತ್ತಿದ್ದಳು. ತುಂಬಿದ ಗಬ್ಬದ ಹಸು. ಸಂಕ್ರಾಂತಿಯ ಆಸುಪಾಸಿನಲ್ಲಿ ಕರು ಹಾಕಬೇಕಿತ್ತು.

ಹೋದ ಸಲ ತುಂಗೆ ಕರು ಹಾಕಿದ್ದು ಚೈತ್ರಳಿಗೆ ಮರೆಯುವಂತಿರಲಿಲ್ಲ. ಆ ವರ್ಷವೂ ಹೀಗೇ ಕೊಯ್ಲಿನ ಹೊತ್ತಿಗೆ ಮಳೆ ಬಂದಿತ್ತು. ಎಲ್ಲರಂತೆ ಅಪ್ಪನೂ ಕಾಫಿ ಮುಚ್ಚಿದ್ದ. ನೆನೆದ ರಾಗಿ ಹುಲ್ಲು ಕಪ್ಪಾಯಿತು. ಆಮೇಲೆ ತಿಂಗಳುಗಟ್ಟಲೆ ತುಂಗೆ ತಿಂದದ್ದು ಆ ಕಪ್ಪು ಹುಲ್ಲನ್ನು, ಅದರ ಜೊತೆಗೆ ಗದ್ದೆಯ ಭತ್ತದ ಹುಲ್ಲನ್ನು. ಕರು ಹಾಕಿ ಮಲಗಿದ ಹಸು ಮೇಲೇಳಲೇ ಇಲ್ಲ. ಹೊಟ್ಟೆಯಡಿ ಗೋಣಿ ತೂರಿಸಿ, ಬಿದಿರ ಗಳ ಕೊಟ್ಟು, ಕೇರಿಯ ಗಂಡಸರೆಲ್ಲ ಸೇರಿ ಎತ್ತಿ ನಿಲ್ಲಿಸಿದರೂ ಕಾಲು ಮಡಿಸಿ ಕುಸಿಯುತ್ತಿತ್ತು. ಅದರ ಕಣ್ಣಿಂದ ನೀರು ಇಳಿಯುತ್ತಿತ್ತು. ಔಷಧಿ, ಗ್ಲೂಕೋಸು ಆದ ಮೇಲೆ ಹೇಗೋ ಬದುಕಿತು. ಕರು ಬದುಕಲಿಲ್ಲ.

ಆಗ ಬಂದಿದ್ದ ದನದ ಡಾಕ್ಟರು ನಯನಾ ಮೇಡಂ, ಕೊಟ್ಟಿಗೆಯ ಹುಲ್ಲನ್ನು ಕೈಯಲ್ಲಿ ಹಿಡಿದು ಪುಡಿ ಮಾಡಿ ತೋರಿಸಿದ್ದರು. ಹುಲ್ಲೇ ಬಡವರ ದನದ ಊಟ, ಅದರಲ್ಲಿ ರಾಗಿ ಹುಲ್ಲು ಭತ್ತದ ಹುಲ್ಲಿಗಿಂತ ಎಷ್ಟೋ ವಾಸಿ, ಅದರ ಸತ್ವ ಹೆಚ್ಚಾಗಿ ಇರುವುದೇ ಎಲೆಯಲ್ಲಿ ಎಂದಿದ್ದರು. ಮಳೆ ಬಿದ್ದರೆ ಎಲೆ ಉದುರುತ್ತದೆ, ಸತ್ವ ನೀರಿನ ಜೊತೆ ಹರಿದುಹೋಗುತ್ತದೆ. ಉಳಿಯುವುದು ಎರಡನೇ ಸಲ ಕುದಿಸಿದ ಟೀ ಪುಡಿ ಇದ್ದ ಹಾಗೆ.

"ಇದರಿಂದ ಹೊಟ್ಟೆ ತುಂಬುತ್ತೆ. ಮೈ ತುಂಬಲ್ಲ" ಎಂದಿದ್ದರು ಮೇಡಂ.

ಆ ಮಾತು ಈಗ ಚೈತ್ರಳ ಕಿವಿಯಲ್ಲಿ ಗುಂಯ್ಗುಟ್ಟಿತು. ಹನಿಗಳು ದಪ್ಪವಾದವು.

ಅಜ್ಜಿ ಜಗಲಿಯ ಕಂಬ ಹಿಡಿದು ಎದ್ದು ನಿಂತಿದ್ದಳು. ಕಾಫಿ ಎನ್ನಲಿಲ್ಲ, ಹುಲ್ಲು ಎನ್ನಲಿಲ್ಲ.

"ಯಾವ್ದು ಮುಚ್ಚಬೇಕು ಅನ್ಸುತ್ತೋ ಮುಚ್ಚು, ಮಗ. ನಿಂತ್ಕೊಂಡು ಮಾತ್ರ ಇರ್ಬೇಡ. ನಿಂತ್ರೆ ಎರಡೂ ಹೋಯ್ತವೆ."

ಚೈತ್ರ ಬಲಕ್ಕೆ ತಿರುಗಿದಳು.

ಗಾಳಿಗೆ ಟಾರ್ಪಲ್ ಹಾವಿನ ಹೆಡೆಯಂತೆ ಎದ್ದು ಅವಳ ಮುಖಕ್ಕೇ ಬಡಿಯಿತು. ಅಜ್ಜಿ ಕುಂಟುತ್ತ ಬಂದು ಒಂದು ತುದಿ ಹಿಡಿದಳು. ಇಬ್ಬರೂ ಎಳೆದು, ಗುಡ್ಡೆಯ ಸುತ್ತ ಕಲ್ಲು ಹೇರಿದರು. ಆಮೇಲೆ ಚೈತ್ರ ಉದ್ದ ಹಿಡಿಯ ಹಲಗೆ ತೆಗೆದುಕೊಂಡು ಕಾಫಿಯನ್ನು ಸರಸರ ಎಳೆದು ರಾಶಿ ಮಾಡಿದಳು. ಅದರ ಮೇಲೆ ಖಾಲಿ ಚೀಲ, ಹಳೆ ಕಂಬಳಿ, ತನ್ನ ರೇನ್‌ಕೋಟು, ಹೀಗೆ ಸಿಕ್ಕಿದ್ದನ್ನೆಲ್ಲ ಹಾಸಿದಳು.

ಗೋಡೆಯ ಮೇಲಿಂದ ಲೋಹಿತ ನಗತೊಡಗಿದ.

"ಹುಲ್ಲಿಗೆ ಯಾರಾದ್ರೂ ಟಾರ್ಪಲ್ ಹಾಕ್ತಾರೇನೇ, ಮಾರಾಯ್ತಿ?"

ಮಳೆ ಧೋ ಎಂದು ಸುರಿಯಿತು. ಚೀಲ, ಕಂಬಳಿಗಳಿಗೆ ಅದನ್ನು ತಡೆಯುವ ಶಕ್ತಿ ಇರಲಿಲ್ಲ. ರಾಶಿಯ ಬುಡದಿಂದ ಕಂದು ನೀರು ಸಣ್ಣ ತೊರೆಯಂತೆ ಹರಿದು ಚರಂಡಿ ಸೇರಿತು. ಜಗಲಿಯಲ್ಲಿ ನಡುಗುತ್ತ ನಿಂತ ಚೈತ್ರ ಆ ನೀರನ್ನೇ ನೋಡುತ್ತಿದ್ದಳು.

ಅಪ್ಪ ಸಂಜೆ ಬಂದ. ಬಂದವನೇ ಕಂಬಳಿ ಎತ್ತಿ, ಒಂದು ಹಿಡಿ ಕಾಫಿ ತೆಗೆದು ಮುಷ್ಟಿಯಲ್ಲಿ ಹಿಂಡಿದ. ನೀರು ತೊಟ್ಟಿಕ್ಕಿತು. ನೀಲಿ ಟಾರ್ಪಲ್ ಹೊದ್ದು ಬೆಚ್ಚಗೆ ಕೂತ ಹುಲ್ಲಿನ ಕಡೆ ಒಮ್ಮೆ ನೋಡಿದ.

"ಯಾರು ಹೇಳಿದ್ದು ನಿಂಗೆ ಹಿಂಗ್ ಮಾಡು ಅಂತ?"

ಅಜ್ಜಿಯ ಕಡೆ ಕೈ ತೋರಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಜ್ಜಿಯೂ ಬಾಯಿ ತೆರೆದಳು. ಆದರೆ ಚೈತ್ರಳೇ ಮೊದಲು ಮಾತಾಡಿದಳು.

"ಯಾರೂ ಹೇಳ್ಲಿಲ್ಲ ಅಪ್ಪ. ನಾನೇ ಮಾಡ್ದೆ. ತುಂಗೆಗೆ."

ಅಪ್ಪ ಬೈದಿದ್ದರೇ ಚೆನ್ನಾಗಿತ್ತು. ಅವನು ಹಲಗೆ ಹಿಡಿದು ಕತ್ತಲಾಗುವವರೆಗೂ ಒದ್ದೆ ಕಾಫಿಯನ್ನು ಹರವುತ್ತಿದ್ದ. ಊಟಕ್ಕೆ ಕೂತಾಗ ಅಮ್ಮ, ಈ ವರ್ಷ ಕಾಫಿಗೆ ಒಳ್ಳೇ ರೇಟು ಐತೆ ಅಂತಿದ್ರು ಎಂದಷ್ಟೇ ಹೇಳಿದಳು.

ಸ್ಕೂಲಿನಲ್ಲಿ ಸುದ್ದಿ ಅವಳಿಗಿಂತ ಮೊದಲೇ ಹೋಗಿ ಬೆಂಚಿನ ಮೇಲೆ ಕೂತಿತ್ತು. ಲೋಹಿತ ಅವಳಿಗೆ 'ಹುಲ್ಲಮ್ಮ' ಎಂದು ಹೆಸರಿಟ್ಟಿದ್ದ. ಹಿಂದಿನ ಬೆಂಚಿನಿಂದ ಯಾರೋ ಅಂಬಾ ಎಂದರು. ಬಿಸಿಯೂಟದ ಹೊತ್ತಿನಲ್ಲಿ ಇನ್ನೊಬ್ಬ, ಹುಲ್ಲಮ್ಮಂಗೆ ಅನ್ನ ಯಾಕೆ, ಒಂದು ಹೊರೆ ಹಾಕ್ರಪ್ಪ ಎಂದ. ಚೈತ್ರ ತಲೆ ಎತ್ತಿಕೊಂಡೇ ಊಟ ಮಾಡಿದಳು. ತಲೆ ತಗ್ಗಿಸಿದರೆ ಕಣ್ಣೀರು ಸಾರಿಗೆ ಬೀಳುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಮಾರನೆಯ ದಿನವೂ ಜಿಟಿಜಿಟಿ. ಅದರ ಮರುದಿನ ಬಿಸಿಲು ಬಂತು. ಬೆಳಿಗ್ಗೆ ಸ್ಕೂಲಿಗೆ ಹೋಗುವ ಮುಂಚೆ, ಸಂಜೆ ಬ್ಯಾಗು ಬಿಸಾಕಿದ ಮೇಲೆ, ಚೈತ್ರ ಕಾಫಿಯನ್ನು ತಿರುವಿ ಹಾಕತೊಡಗಿದಳು. ಅಂಗೈಯಲ್ಲಿ ಬೊಬ್ಬೆ ಬಂತು. ತಿರುವಿದಷ್ಟೂ ಬೇಗ ಒಣಗುತ್ತದೆ, ಬೇಗ ಒಣಗಿದಷ್ಟೂ ಅಪ್ಪನ ಮುಖ ಸಡಿಲವಾಗುತ್ತದೆ ಎಂದು ಅವಳ ಲೆಕ್ಕ.

ಹುಲ್ಲಿನ ಬಗ್ಗೆ ಅವಳಿಗೆ ಚಿಂತೆಯಿರಲಿಲ್ಲ. ಅದು ತಾನು ಗೆದ್ದ ಹುಲ್ಲು. ಒಂದು ಹನಿಯೂ ಒಳಗೆ ಹೋಗಿರಲಿಲ್ಲ. ಅತ್ತ ಹೋದಾಗಲೆಲ್ಲ ಟಾರ್ಪಲ್ ಮೇಲೆ ಕೈಯಾಡಿಸಿ, ಮತ್ತೊಂದು ಕಲ್ಲು ಇಟ್ಟು ಬಿಗಿ ಮಾಡಿ ಬರುತ್ತಿದ್ದಳು.

ಹೀಗೇ ಒಂದು ಸಂಜೆ ಅಜ್ಜಿ ತನ್ನ ಪಾಡಿಗೆ ಹಳೆಯ ಪದವೊಂದನ್ನು ಹೇಳಿಕೊಳ್ಳುತ್ತ ಕಣಕ್ಕೆ ಇಳಿದು ಬಂದಳು. ದಿನಾ ಮುಂಜಾನೆ ಕೊಟ್ಟಿಗೆ ಗುಡಿಸುವಾಗಲೂ ಅವಳ ಬಾಯಲ್ಲಿ ಅದೇ ಪದ. ಹುಲ್ಲಿನ ಹತ್ತಿರ ಬರುತ್ತಲೇ ಪದ ನಡುವೆಯೇ ನಿಂತಿತು. ಅಜ್ಜಿ ಟಾರ್ಪಲ್ ತುದಿ ಎತ್ತಿ, ಮೊಣಕೈವರೆಗೂ ಕೈ ತೂರಿಸಿದಳು.

"ಬಾ ಇಲ್ಲಿ. ಕೈ ಇಡು."

ಚೈತ್ರ ಕೈ ಇಟ್ಟಳು. ಕೂಡಲೇ ಹಿಂದಕ್ಕೆ ಎಳೆದುಕೊಂಡಳು. ಒಳಗೆ ಕಡುಬಿನ ಪಾತ್ರೆಯ ಹಾಗೆ ಬಿಸಿ. ಹುಳಿಹಿಟ್ಟಿನ ವಾಸನೆ. ಕೈ ತುಂಬ ಬೆವರು.

"ಮಳೆ ಹೋಗೇ ಇಲ್ಲವಲ್ಲ ಅಜ್ಜಿ ಒಳಗೆ."

"ಮಳೆ ಹೋಗ್ಲಿಲ್ಲ. ಹೊಲದ ಹಸಿ ಒಳಗೇ ಇತ್ತು, ಹೊರಗೆ ಬಿಡ್ಲಿಲ್ಲ ನೀನು. ಹುಲ್ಲಿಗೂ ಉಸಿರೈತೆ ಕಣೇ. ಬಿಸಿಲು ಬಂದ್ರೂ ಹೊದಿಸ್ಕೊಂಡೇ ಇದ್ರೆ ಬೆಂದುಬುಡುತ್ತೆ. ಬೆಂದದ್ದು ಬೂಷ್ಟು ಹಿಡಿಯುತ್ತೆ. ಬೂಷ್ಟು ಹಿಡಿದದ್ದು ಗಬ್ಬದ ಹಸೂಗೆ ವಿಷ."

ಕಾಫಿಯೂ ಹೋಯಿತು, ಈಗ ಹುಲ್ಲೂ. ಇಡೀ ಸ್ಕೂಲೇ ನಕ್ಕಿದ್ದು ಸರಿಯೇ ಆಗಿಬಿಡುತ್ತದೆ. ಅದಕ್ಕಿಂತ ಹೆಚ್ಚಾಗಿ, ತುಂಗೆಗೆ ಮತ್ತೆ ಹೋದ ಸಲದ ಗತಿಯೇ.

ಅವಳು ತೋಟಕ್ಕೆ ಓಡಿದಳು. ಅಪ್ಪ ಏಣಿಯ ಮೇಲೆ ನಿಂತು ಮೆಣಸಿನ ಬಳ್ಳಿ ಕಟ್ಟುತ್ತಿದ್ದ. ಕೆಳಗಿನಿಂದಲೇ, ಉಸಿರು ಸಿಗದೆ, ಎಲ್ಲವನ್ನೂ ಹೇಳಿಬಿಟ್ಟಳು. ಟಾರ್ಪಲ್ ತೆಗೆಯಲೇ ಇಲ್ಲ ತಾನು. ಹುಲ್ಲು ಒಳಗೆ ಸುಡುತ್ತಿದೆ. ತಪ್ಪು ತನ್ನದು.

ಅಪ್ಪ ಏಣಿ ಇಳಿದ. ಅವಳಿಗಿಂತ ಮುಂದಾಗಿ ದಾಪುಗಾಲು ಹಾಕಿದ.

ಕಣದಲ್ಲಿ ಹುಲ್ಲು ಹರವಲು ಜಾಗವಿರಲಿಲ್ಲ. ಮೂಲೆಯಿಂದ ಮೂಲೆಗೆ ಕಾಫಿ. ಅಪ್ಪ ಒಂದು ಗಳಿಗೆ ಸೊಂಟದ ಮೇಲೆ ಕೈಯಿಟ್ಟು ನಿಂತ. ಆಮೇಲೆ ಹಲಗೆ ತೆಗೆದುಕೊಂಡು, ಅರ್ಧಕ್ಕರ್ಧ ಕಾಫಿಯನ್ನು ಬದಿಗೆ ಎಳೆದು ದಪ್ಪ ಮಾಡಿ ಹಾಕಿದ. ಖಾಲಿಯಾದ ಸಿಮೆಂಟಿನ ಮೇಲೆ ಮೊದಲ ತೆಕ್ಕೆ ಹುಲ್ಲನ್ನು ತಾನೇ ತಂದು ಕೊಡವಿದ.

ಚೈತ್ರ ಕಣ್ಣು ಮಿಟುಕಿಸದೆ ನೋಡಿದಳು. ಹುಲ್ಲಿಗೆ ಕಾಫಿ ಜಾಗ ಬಿಟ್ಟುಕೊಟ್ಟದ್ದನ್ನು ಅವಳು ಹುಟ್ಟಿದಾಗಿನಿಂದ ನೋಡಿರಲಿಲ್ಲ.

ಅಮ್ಮನೂ ಬಂದಳು. ನಾಲ್ವರೂ ಸೇರಿ ಗುಡ್ಡೆಯನ್ನು ಬಿಡಿಸಿದರು. ನಡುವಿನಿಂದ ಆವಿ ಎದ್ದಿತು. ಒಂದಷ್ಟು ಹುಲ್ಲಿಗೆ ಆಗಲೇ ಬೂಷ್ಟಿನ ಬಿಳಿ ತಗುಲಿತ್ತು. ಅಜ್ಜಿ ಅದನ್ನು ಆರಿಸಿ ಆರಿಸಿ ಬೇರೆ ಮಾಡಿ, ಒಂದು ಎಳೆಯೂ ಕೊಟ್ಟಿಗೆಗೆ ಹೋಗದಂತೆ ತಿಪ್ಪೆಗೆ ಹಾಕಿಸಿದಳು. ಉಳಿದದ್ದು ಎರಡು ಬಿಸಿಲು ಕಂಡ ಮೇಲೆ ಗರಿಗರಿಯಾಯಿತು. ಹಸಿರು ಸ್ವಲ್ಪ ಮಾಸಿದರೂ ಎಲೆ ಉಳಿದಿತ್ತು. ಮುರಿದರೆ ಒಳ್ಳೆಯ ಪರಿಮಳ ಬರುತ್ತಿತ್ತು.

ಭಾನುವಾರ ಮೆದೆ ಹಾಕಿದರು. ಮೆದೆಯೆಂದರೆ ವರ್ಷವಿಡೀ ಇರಬೇಕಾದ ಹುಲ್ಲಿನ ಕೋಟೆ. ಬುಡಕ್ಕೆ ಕಲ್ಲು, ಕಲ್ಲಿನ ಮೇಲೆ ಕಟ್ಟಿಗೆ, ಅದರ ಮೇಲೆ ಹುಲ್ಲು. ಕೆಳಗಿನವರು ಎಸೆದದ್ದನ್ನು ಮೇಲೆ ನಿಂತವರು ಸುತ್ತ ಸುತ್ತ ತುಳಿಯಬೇಕು. ನಡು ಯಾವಾಗಲೂ ಎತ್ತರ ಇರಬೇಕು. ಸಡಿಲ ಬಿಟ್ಟರೆ ನೀರು ಇಳಿಯುತ್ತದೆ.

ಪ್ರತಿ ವರ್ಷ ಮೇಲೆ ನಿಲ್ಲುತ್ತಿದ್ದವನು ಅಪ್ಪ. ಈ ಸಲ ಅವನು ಎರಡೂ ಕೈ ಜೋಡಿಸಿ ಬಗ್ಗಿ ನಿಂತ.

"ಹತ್ತು. ನಿನ್ ಹುಲ್ಲು, ನೀನೇ ತುಳಿ."

ಚೈತ್ರ ಚಪ್ಪಲಿ ಬಿಟ್ಟು, ಅಜ್ಜಿ ಮಾಡುವಂತೆ ಹುಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಅಪ್ಪನ ಅಂಗೈ ಮೇಲೆ ಕಾಲಿಟ್ಟು ಹತ್ತಿದಳು. ತುಳಿದಂತೆಲ್ಲ ಮೆದೆ ಬೆಳೆಯಿತು. ಮೆದೆ ಬೆಳೆದಂತೆಲ್ಲ ಅವಳೂ ಮೇಲೆ ಹೋದಳು. ಮೊದಲು ಗೋಡೆಯಾಚೆ ಕಂಡಿತು, ಆಮೇಲೆ ಕೇರಿ, ಆಮೇಲೆ ಸಿಲ್ವರ್ ಓಕ್ ಮರಗಳ ಆಚೆ ಬಿಸಿಲೆಯ ಕಡೆಗೆ ಹೋಗುವ ನೀಲಿ ಬೆಟ್ಟಗಳು. ಪ್ರತಿ ಮನೆಯ ಹಿತ್ತಲಲ್ಲೂ ಹುಲ್ಲಿನ ಗುಡ್ಡೆಗಳಿದ್ದವು. ಎಲ್ಲವೂ ಕಪ್ಪಗೆ, ನೆನೆದ ಕಾಗೆಗಳ ಹಾಗೆ ಕೂತಿದ್ದವು.

ರಸ್ತೆಯಲ್ಲಿ ಹೋಗುತ್ತಿದ್ದ ಲೋಹಿತನ ಅಪ್ಪ ದೇವೇಂದ್ರ ನಿಂತು, ಹೊನ್ನಿನ ಬಣ್ಣದ ಮೆದೆಯನ್ನು ಬುಡದಿಂದ ತುದಿಯವರೆಗೆ ನೋಡಿದ. ಇಂಥ ಮಳೆಯಲ್ಲಿ ಇಷ್ಟು ಹುಲ್ಲು ಹೇಗೆ ಉಳಿಯಿತು ಎಂದು ಕೇಳಿದ.

"ನಾನಲ್ಲಪ್ಪ" ಎಂದ ಅಪ್ಪ, ಮತ್ತೊಂದು ಹೊರೆ ಮೇಲೆಸೆಯುತ್ತ. "ನಮ್ ಚೈತ್ರ ಉಳಿಸಿದ್ದು."

ಚೈತ್ರಳಿಗೆ ಅದು ಕೇಳಿಸಿತು. ಕೇಳಿಸದವಳಂತೆ ತುಳಿಯುತ್ತಲೇ ಇದ್ದಳು. ಆದರೆ ಕಾಲು ಹುಲ್ಲಿನ ಮೇಲಿರಲಿಲ್ಲ.

ಕಾಫಿಯೂ ಒಣಗಿತು. ಒಂದಿಷ್ಟು ಕಪ್ಪಾಗಿತ್ತು. ಅದನ್ನು ಅಮ್ಮ ಬೇರೆ ಮೂಟೆ ಕಟ್ಟಿಟ್ಟಳು.

ಅಲ್ಲಿಂದ ಮುಂದೆ ತುಂಗೆಯ ಊಟ ಚೈತ್ರಳ ಪಾಲಿನ ಕೆಲಸವಾಯಿತು. ಬರೀ ಹುಲ್ಲು ಸಾಲದು ಎಂದು ನಯನಾ ಮೇಡಂ ಹೇಳಿದ್ದರು. ಹುಲ್ಲನ್ನು ಅಪ್ಪ ಸಣ್ಣಗೆ ಕತ್ತರಿಸಿ ಕೊಡುತ್ತಿದ್ದ. ಚೈತ್ರ ಅದಕ್ಕೆ ತೋಟದ ಹಾಲುವಾಣ ಮರದ ಸೊಪ್ಪು ಬೆರೆಸಿ, ಒಂದಿಷ್ಟು ಬೂಸಾ ಉದುರಿಸಿ ಮುಂದಿಡುತ್ತಿದ್ದಳು. ತುಂಗೆ ಮೊದಲು ಸೊಪ್ಪು, ಆಮೇಲೆ ರಾಗಿ ಎಲೆ, ಕೊನೆಗೆ ದಂಟು ಎಂದು ಆರಿಸಿ ಆರಿಸಿ ತಿಂದು ಬಾನಿ ನೆಕ್ಕುತ್ತಿದ್ದಳು. ದಿನ ಕಳೆದಂತೆ ಎದ್ದು ಕಾಣುತ್ತಿದ್ದ ಪಕ್ಕೆಲುಬುಗಳು ಮುಚ್ಚಿಕೊಂಡವು. ಮೈ ಮೇಲೆ ಹೊಳಪು ಬಂತು.

ಒಂದು ಸಂಜೆ ಚೈತ್ರ ಸ್ಕೂಲಿಂದ ಬಂದಾಗ ಲೋಹಿತ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಅವಳ ಮನೆಯ ಗೇಟು ದಾಟಿ ಹೊರಗೆ ಬರುತ್ತಿದ್ದ. ಅವಳ ಮೆದೆಯ ಹುಲ್ಲು. ಅವನು ಅವಳ ಮುಖ ನೋಡಲಿಲ್ಲ.

ಅವಳು ಬಿರಬಿರನೆ ಅಪ್ಪನ ಹತ್ತಿರ ಹೋದಳು. ಅವರ ಹಸು ನೆನೆದ ಹುಲ್ಲಿಗೆ ಬಾಯಿ ಹಾಕ್ತಿಲ್ಲವಂತೆ, ಅದೂ ಗಬ್ಬ ಐತೆ, ದೇವೇಂದ್ರ ಬಂದು ಕೇಳಿದ, ಕೊಟ್ಟೆ ಎಂದ ಅಪ್ಪ. ಅವರು ಕಾಫಿ ಮುಚ್ಚಿದವರಲ್ಲವೇ, ಅದನ್ನೇ ತಿನ್ನಿಸಲಿ ಎಂದಳು ಚೈತ್ರ. ತುಂಗೆಗೆ ಕಮ್ಮಿಯಾದರೆ ಏನು ಗತಿ ಎಂದಳು. ತನ್ನನ್ನು ಅವನು ಏನೆಂದು ಕರೆದ ಎಂಬುದನ್ನೂ ಹೇಳಿದಳು.

"ಅವ್ನು ಕರ್ದ" ಎಂದ ಅಪ್ಪ. "ಹಸು ಏನ್ ಕರೀತು ನಿನ್ನ?"

ಚೈತ್ರ ಹಿತ್ತಲಿಗೆ ಹೋಗಿ ಗೋಡೆಯ ಮೇಲಿಂದ ಇಣುಕಿದಳು. ಲೋಹಿತನ ಮನೆಯ ಹಸುವಿನ ಮುಂದೆ ಕಪ್ಪು ಹುಲ್ಲಿನ ರಾಶಿ ಮುಟ್ಟದೆ ಬಿದ್ದಿತ್ತು. ಹಸುವಿನ ಸೊಂಟದ ಎಲುಬುಗಳು ಚರ್ಮವನ್ನು ಚುಚ್ಚುತ್ತಿದ್ದವು. ಲೋಹಿತ ತಂದ ಹೊರೆಯನ್ನು ಬಿಚ್ಚುವ ಮುಂಚೆಯೇ ಅದು ಕತ್ತು ಚಾಚಿ, ಅವನ ತಲೆಯ ಮೇಲಿಂದಲೇ ಒಂದು ತುತ್ತು ಎಳೆದುಕೊಂಡಿತು. ಹೋದ ಸಲದ ತುಂಗೆಯೇ ಅಲ್ಲಿ ನಿಂತ ಹಾಗಿತ್ತು.

ಮರುದಿನ ಲೋಹಿತ ಬಂದು, ಮೆದೆಯ ಹತ್ತಿರ ಏನು ಮಾಡಬೇಕೆಂದು ತಿಳಿಯದೆ ನಿಂತಾಗ ಚೈತ್ರ ಹೊರಗೆ ಬಂದಳು.

"ಮೇಲಿಂದ ಕೀಳ್ಬೇಡ ಕಣೋ. ಅಲ್ಲಿ ಇಬ್ಬನಿ ಬಿದ್ದಿರುತ್ತೆ. ಇಲ್ಲಿ, ಹೊಟ್ಟೆಯಿಂದ ಕೀಳು" ಎಂದು ತಾನೇ ಒಂದು ತೆಕ್ಕೆ ಎಳೆದು ಅವನ ಕೈಗೆ ಹಾಕಿದಳು.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ, ಮಂಜು ಇನ್ನೂ ಕರಗಿರಲಿಲ್ಲ, ಅಜ್ಜಿಯ ಕರೆ ಕೇಳಿ ಚೈತ್ರ ಕೊಟ್ಟಿಗೆಗೆ ಓಡಿದಳು. ತುಂಗೆ ಕರು ಹಾಕಿದ್ದಳು. ಹಣೆಯಲ್ಲಿ ಬಿಳಿ ಬೊಟ್ಟಿದ್ದ ಕೆಂಪು ಹೆಣ್ಣುಗರು ಒದ್ದೆ ಕಿವಿ ಒದರುತ್ತಿತ್ತು.

ಆದರೆ ತುಂಗೆ ಮಲಗಿಯೇ ಇದ್ದಳು.

ಅಪ್ಪ ಹಗ್ಗ ಹಿಡಿದು ಪಕ್ಕದಲ್ಲಿ ಕೂತಿದ್ದ. ಕರೆಯದಿದ್ದರೂ ದೇವೇಂದ್ರ ಬಿದಿರ ಗಳ ಹೊತ್ತು ಬಂದು ಬಾಗಿಲಲ್ಲಿ ನಿಂತ. ಅವನ ಹಿಂದೆ ಕೈಯಲ್ಲಿ ಗೋಣಿ ಹಿಡಿದು ಲೋಹಿತ. ಅಜ್ಜಿಯ ತುಟಿಗಳು ಸದ್ದಿಲ್ಲದೆ ಅಲುಗುತ್ತಿದ್ದವು. ಚೈತ್ರ ಅಮ್ಮನ ಸೆರಗು ಹಿಡಿದು, ತುಂಗೆಯ ಹಿಂಗಾಲುಗಳನ್ನೇ ನೋಡುತ್ತಿದ್ದಳು.

ತುಂಗೆ ಒಮ್ಮೆ ಉಸಿರುಬಿಟ್ಟಳು. ಮೈ ಮುಂದಕ್ಕೆ ವಾಲಿತು. ಹಿಂಗಾಲು ಎದ್ದಿತು, ಅದುರಿತು, ನಿಂತಿತು. ಒಂದು ಗಳಿಗೆ ಮುಂಗಾಲ ಮಂಡಿಯ ಮೇಲೆ, ದೇವರಿಗೆ ಅಡ್ಡಬಿದ್ದವರ ಹಾಗೆ ತಡೆದಳು. ಆಮೇಲೆ ಮುಂಗಾಲುಗಳೂ ನೆಟ್ಟಗಾದವು. ಯಾರ ಕೈಯೂ ತಾಗದೆ ತುಂಗೆ ಎದ್ದು ನಿಂತಿದ್ದಳು. ನಿಂತವಳೇ ತಿರುಗಿ ಕರುವಿನ ಬೆನ್ನು ನೆಕ್ಕತೊಡಗಿದಳು.

ಅಪ್ಪ ಹಗ್ಗವನ್ನು ನೆಲಕ್ಕೆ ಬಿಟ್ಟ. ದೇವೇಂದ್ರ ಗಳವನ್ನು ಗೋಡೆಗೆ ಒರಗಿಸಿದ. ಅಜ್ಜಿ ಗಟ್ಟಿಯಾಗಿ ತನ್ನ ಪದ ಎತ್ತಿಕೊಂಡಳು.

ಲೋಹಿತ ಮೆಲ್ಲಗೆ ಚೈತ್ರಳ ಪಕ್ಕಕ್ಕೆ ಬಂದ.

"ನಿಮ್ ಹುಲ್ಲಲ್ಲಿ ಅಂಥದ್ದೇನೈತೆ ಚೈತ್ರ?"

ಡಾಕ್ಟರು ಹೇಳಿದ್ದೆಲ್ಲ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಸತ್ವ, ಎಲೆ, ದಂಟು. ಹೇಳಬೇಕೆನಿಸಲಿಲ್ಲ. ಅವಳು ತುಂಗೆಯನ್ನೇ ನೋಡುತ್ತಿದ್ದಳು. ಮಳೆಗಾಲದಲ್ಲಿ ಹೊಲದ ತುಂಬ ಹಸಿರಾಗಿ ತೂಗುತ್ತಿದ್ದದ್ದು, ಕಣದಲ್ಲಿ ಬೆವರಿ ಬಿಸಿಲಿಗೆ ಒಣಗಿದ್ದು, ತನ್ನ ಕಾಲಡಿ ತುಳಿಸಿಕೊಂಡು ಮೆದೆಯಾದದ್ದು, ಅದೇ ಹುಲ್ಲು ಈಗ ಇಲ್ಲಿ ನಾಲ್ಕು ಕಾಲಿನ ಮೇಲೆ ನಿಂತು ಮಗುವನ್ನು ನೆಕ್ಕುತ್ತಿತ್ತು.

"ನೋಡು" ಎಂದಳು ಚೈತ್ರ, ಅಷ್ಟೇ.